ಒಡಲೊಳಗನ್ನು ಕಾಣಿಸಿದ ಡಾ. ಜಿ. ಎನ್. ರಾಮಚಂದ್ರನ್

ಸಿ.ಟಿ. ಸ್ಕ್ಯಾನ್ ಎಂಬ ಹೆಸರನ್ನು ಇಂದು ನಮ್ಮ ಕಡೆ ಕೇಳದವರು ವಿರಳ. ಹುನಗುಂದ, ಇಳಕಲ್ಲ, ಬಾದಾಮಿಗಳ ಸುತ್ತಲಿನ ಹಳ್ಳಿಗಳಿಂದ ಬಾಗಲಕೋಟೆಯ ದವಾಖಾನೆಗೆ ಬಂದ ರೋಗಿಗಳು ಬಳೆಯಾಕಾರದ ಆ ಯಂತ್ರದ ನಡುವೆ ಮಲಗಿ, ಉಸಿರು ಹಿಡಿಯೆಂದಾಗ ಹಿಡಿದು, ಬಿಡೆಂದಾಗ ಬಿಟ್ಟು ಹೊರಗೆ ಬರುತ್ತಾರೆ. ಸ್ವಲ್ಪ ಹೊತ್ತಿಗೆ ಅವರ ಕೈಗೆ ದೊಡ್ಡದೊಂದು ಲಕೋಟೆ ಬರುತ್ತದೆ. ಅದರೊಳಗಿನ ಕರಿಯ ಹಾಳೆಯ ಮೇಲೆ, ಸೌತೆಕಾಯಿಯನ್ನು ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿಟ್ಟಂತೆ, ಹೊಟ್ಟೆಯ ಒಳಭಾಗದ ಸಾಲುಸಾಲು ಚಿತ್ರಗಳು. ಈ ಯಂತ್ರವೂ ಇದರ ವಿದ್ಯೆಯೂ ಸಮುದ್ರದಾಚೆಯವು ಎಂದೇ ನಮ್ಮಲ್ಲಿ ಬಹುಮಂದಿಯ ತಿಳಿವಳಿಕೆ. ಯಂತ್ರದ ಮಟ್ಟಿಗೆ ಅದು ನಿಜವೇ. ಆದರೆ ಕಿರಣಗಳ ಅಳತೆಯನ್ನು ಚಿತ್ರವಾಗಿ ಮಾರ್ಪಡಿಸುವ ಗಣಿತದಲ್ಲಿ ಹಲವು ದಶಕಗಳ ಕಾಲ ಮುಖ್ಯವಾಗಿ ನಡೆದುಬಂದ ಒಂದು ಮಾರ್ಗವು ೧೯೭೧ರಲ್ಲಿ ಬೆಂಗಳೂರಿನ ಹೆಸರು ಹೊತ್ತು ಹೊರಟದ್ದು. ಆ ಮಾರ್ಗವನ್ನು ಕೊಟ್ಟ ಇಬ್ಬರಲ್ಲಿ ಹಿರಿಯರು ಡಾ. ಗೋಪಾಲಸಮುದ್ರಂ ನಾರಾಯಣ ಅಯ್ಯರ್ ರಾಮಚಂದ್ರನ್.

ರಾಮಚಂದ್ರನ್‌ರ ಹೆಸರು ಜಗತ್ತಿನಲ್ಲಿ ಹೆಚ್ಚಾಗಿ ಕೇಳಿಬರುವುದು ಪ್ರೋಟೀನುಗಳ ರಚನೆಯ ಸಂಬಂಧದಲ್ಲಿ. ಸಿ.ಟಿ. ಚಿತ್ರಗಳ ಗಣಿತವನ್ನು ಅವರ ಚರಿತ್ರೆಕಾರರು ಒಂದೆರಡು ವಾಕ್ಯಗಳಲ್ಲಿ ಮುಗಿಸಿಬಿಡುವುದುಂಟು. ಈ ಲೇಖನದಲ್ಲಿ ಆ ಎರಡನ್ನೂ ಕೂಡಿಸಿ ಹೇಳಬೇಕೆಂಬುದು ನನ್ನ ಅಪೇಕ್ಷೆ. ಏಕೆಂದರೆ ಅವರ ಬದುಕಿನ ಈ ಎರಡು ಕೆಲಸಗಳು ಮನುಷ್ಯನ ಒಡಲಿನ ಒಂದು ಅಂಗದಲ್ಲಿ ಬಂದು ಸೇರುತ್ತವೆ. ಆ ಅಂಗ ಯಕೃತ್ತು. ನಾವು ಲಿವರ್ ಎಂದು ಕರೆಯುವುದು.

ರಾಮಚಂದ್ರನ್‌ರು ಹುಟ್ಟಿದ್ದು ೧೯೨೨ನೆಯ ಇಸವಿ ಅಕ್ಟೋಬರ ೮ರಂದು, ಆಗಿನ ಕೊಚ್ಚಿ ಸಂಸ್ಥಾನದ ಎರ್ನಾಕುಲಂನಲ್ಲಿ. ಅವರ ತೀರ್ಥರೂಪರಾದ ಜಿ. ಆರ್. ನಾರಾಯಣ ಅಯ್ಯರರು ಅಲ್ಲಿಯ ಮಹಾರಾಜಾ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರು. ತಾಯಿ ಲಕ್ಷ್ಮಿ ಅಮ್ಮಾಳ್. ಮಹಾಪುರುಷರ ಚರಿತ್ರೆಗಳಲ್ಲಿ ಬೀದಿ ದೀಪದ ಕೆಳಗೆ ಕುಳಿತು ಓದಿದ ಬಡ ಹುಡುಗನ ಕಥೆಯನ್ನು ನಾವು ಚಿಕ್ಕಂದಿನಿಂದ ಓದುತ್ತ ಬಂದಿದ್ದೇವೆ. ಇದು ಅಂಥ ಕಥೆಯಲ್ಲ. ಈ ಹುಡುಗನಿಗೆ ಗಣಿತವು ಮನೆಯ ಮಾತಿನಷ್ಟೇ ಸಹಜವಾಗಿ ತಂದೆಯಿಂದ ಬಂತು. ಮನೆತನದಲ್ಲಿ ಮೊಟ್ಟಮೊದಲು ಕಾಲೇಜಿನ ಮೆಟ್ಟಿಲು ಹತ್ತಿದ ನನ್ನಂಥವರಿಗೆ ಇದನ್ನು ಓದಿದಾಗ ತುಸು ಹೊಟ್ಟೆಕಿಚ್ಚಾಗುವುದು ಸುಳ್ಳಲ್ಲ. ಮನೆಯಲ್ಲಿ ಪುಸ್ತಕವಿರುವುದೂ, ಕೇಳಿದ ಪ್ರಶ್ನೆಗೆ ಉತ್ತರ ಹೇಳುವವರಿರುವುದೂ ಎಷ್ಟು ದೊಡ್ಡ ಆಸ್ತಿಯೆಂಬುದು ಅದಿಲ್ಲದವರಿಗೇ ಹೆಚ್ಚು ಗೊತ್ತು. ಆದರೆ ಆಸ್ತಿಯಿದ್ದವರೆಲ್ಲರೂ ಅದನ್ನು ಬೆಳೆಸುವುದಿಲ್ಲ, ಇವರು ಬೆಳೆಸಿದರು.

ತಿರುಚಿರಾಪಳ್ಳಿಯ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಭೌತಶಾಸ್ತ್ರದ ಆನರ್ಸ್ ಪದವಿಯನ್ನು ಮುಗಿಸಿ ೧೯೪೨ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಬಂದದ್ದು ವಿದ್ಯುತ್ ಇಂಜಿನಿಯರಿಂಗ್ ಕಲಿಯಲೆಂದು. ಆದರೆ ಅಲ್ಲಿ ಸರ್ ಸಿ. ವಿ. ರಾಮನ್‌ರು ಭೌತಶಾಸ್ತ್ರ ವಿಭಾಗವನ್ನು ನಡೆಯಿಸುತ್ತಿದ್ದರು. ಅವರ ಕಣ್ಣು ಈ ತರುಣನ ಮೇಲೆ ಬಿತ್ತು. ಇಂಜಿನಿಯರಿಂಗ್ ವಿಭಾಗಕ್ಕೆ ಬೇಕಾದುದಕ್ಕಿಂತ ಈ ಹುಡುಗನ ಬುದ್ಧಿ ಸ್ವಲ್ಪ ಹೆಚ್ಚಾಯಿತೆಂದು ಆ ವಿಭಾಗದ ಮುಖ್ಯಸ್ಥರಿಗೇ ಹೇಳಿ ರಾಮನ್‌ರು ಅವರನ್ನು ತಮ್ಮಲ್ಲಿಗೆ ಕರೆದುಕೊಂಡರೆಂಬ ಕಥೆ ಪ್ರಸಿದ್ಧವಾಗಿದೆ. ಇಂಜಿನಿಯರಿಂಗ್ ಓದುವವರು ಇದನ್ನು ಮನಸ್ಸಿಗೆ ಹಚ್ಚಿಕೊಳ್ಳಬಾರದು. ರಾಮನ್‌ರ ಮಾತಿನ ಧಾಟಿಯೇ ಹಾಗಿತ್ತು.

ರಾಮನ್‌ರ ಕೈಕೆಳಗೆ ಅವರು ವಜ್ರ ಮೊದಲಾದ ಹರಳುಗಳ ಮೇಲೆ ಕ್ಷ-ಕಿರಣಗಳನ್ನು ಹಾಯಿಸಿ, ಅವು ಚದುರುವ ರೀತಿಯಿಂದ ಹರಳಿನ ಒಳರಚನೆಯನ್ನು ತಿಳಿಯುವ ವಿದ್ಯೆಯನ್ನು ಕಲಿತರು. ೧೯೪೭ರಲ್ಲಿ ಡಿ.ಎಸ್‌ಸಿ. ಪದವಿ ದೊರಕಿತು. ಅದೇ ವರ್ಷ ಕೇಂಬ್ರಿಜ್‌ಗೆ ತೆರಳಿ ಅಲ್ಲಿಯ ಕ್ಯಾವೆಂಡಿಷ್ ಪ್ರಯೋಗಶಾಲೆಯಲ್ಲಿ ವೂಸ್ಟರ್ ಎಂಬವರ ಮಾರ್ಗದರ್ಶನದಲ್ಲಿ ಕೆಲಸ ಮಾಡಿ, ೧೯೪೯ರಲ್ಲಿ ಪಿಎಚ್.ಡಿ. ಪಡೆದು ಬೆಂಗಳೂರಿಗೆ ಹಿಂತಿರುಗಿದರು. ಕಣ್ಣಿಗೆ ಕಾಣದ ಒಳಗನ್ನು ಹೊರಗಿನ ಅಳತೆಗಳಿಂದ ತಿಳಿಯುವುದು ಅವರ ಜೀವಮಾನದ ಕಸುಬಾಗುವುದೆಂಬುದು ಇಷ್ಟರಲ್ಲೇ ನಿಶ್ಚಯವಾಗಿತ್ತೆನ್ನಬಹುದು. ಮೊದಲು ಹರಳಿನ ಒಳಗು, ಮುಂದೆ ಚರ್ಮ-ಎಲುಬುಗಳ ಒಳಗು, ಕೊನೆಗೆ ಜೀವಂತ ದೇಹದ ಒಳಗು.

೧೯೫೨ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿದ್ದ ಡಾ. ಎ. ಲಕ್ಷ್ಮಣಸ್ವಾಮಿ ಮೊದಲಿಯಾರರು ಭೌತಶಾಸ್ತ್ರಕ್ಕೆ ಹೊಸ ವಿಭಾಗವೊಂದನ್ನು ಕಟ್ಟಬೇಕೆಂದು ಯೋಚಿಸಿ, ಮುಖ್ಯಸ್ಥರಾಗಲು ಮೊದಲು ರಾಮನ್‌ರನ್ನೇ ಕೇಳಿದರು. ರಾಮನ್‌ರು ತಾವು ಒಪ್ಪದೆ ಶಿಷ್ಯನ ಹೆಸರನ್ನು ಸೂಚಿಸಿದರು. ಹೀಗೆ ಮೂವತ್ತರ ಆಸುಪಾಸಿನ ತರುಣನೊಬ್ಬನು ವಿಭಾಗವೊಂದರ ಪ್ರಾಧ್ಯಾಪಕನೂ ಮುಖ್ಯಸ್ಥನೂ ಆದನು. ಮೊದಲಿಯಾರರು ಸ್ವತಃ ಹೆಸರಾಂತ ವೈದ್ಯರು. ವೈದ್ಯರೊಬ್ಬರು ಭೌತವಿಜ್ಞಾನಿಯನ್ನು ಹುಡುಕಿ ತಂದದ್ದು ವೈದ್ಯಶಾಸ್ತ್ರಕ್ಕೆ ಇಷ್ಟು ಸುತ್ತುಬಳಸಿ ಫಲ ಕೊಟ್ಟೀತೆಂದು ಆಗ ಅವರಿಗೂ ಹೊಳೆದಿರಲಿಕ್ಕಿಲ್ಲ.

ಅದೇ ವರ್ಷ ಇಂಗ್ಲೆಂಡಿನ ವಿಜ್ಞಾನಿ ಜೆ. ಡಿ. ಬರ್ನಾಲ್‌ರು ಮದ್ರಾಸಿಗೆ ಬಂದಿದ್ದಾಗ, ಕೊಲಾಜೆನ್ ಎಂಬ ಪ್ರೋಟೀನಿನ ರಚನೆ ಇನ್ನೂ ಯಾರಿಗೂ ಸರಿಯಾಗಿ ಬಗೆಹರಿದಿಲ್ಲವೆಂಬ ಮಾತು ಬಂತು. ಕೊಲಾಜೆನ್ ನಮಗೆ ಅಪರಿಚಿತ ವಸ್ತುವೇನೂ ಅಲ್ಲ. ಎಲುಬು, ಚರ್ಮ, ಸ್ನಾಯುಗಳನ್ನು ಎಲುಬಿಗೆ ಬಿಗಿಯುವ ಹುರಿ, ಇವೆಲ್ಲಕ್ಕೂ ಗಟ್ಟಿತನ ಬರುವುದು ಅದರಿಂದಲೇ. ನಮ್ಮ ಕಾಲಿನ ಚರ್ಮದ ಚಪ್ಪಲಿಯೆಂದರೆ ಬಹುಪಾಲು ಹದಗೊಂಡ ಕೊಲಾಜೆನ್. ರಾಮಚಂದ್ರನ್‌ರೂ ಅವರ ಸಹೋದ್ಯೋಗಿ ಗೋಪಿನಾಥ ಕರ್ತಾರವರೂ ಕ್ಷ-ಕಿರಣ ಚಿತ್ರಗಳನ್ನು ತೆಗೆದು, ಲೆಕ್ಕ ಹಾಕಿ, ಮಣಿ ಕಡ್ಡಿಗಳಿಂದ ಮಾದರಿ ಕಟ್ಟಿ ನೋಡಿ, ೧೯೫೪ರಲ್ಲಿ ಒಂದು ಉತ್ತರವನ್ನು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಮೂರು ಎಳೆಗಳು ಒಟ್ಟಿಗೆ ಸಾಗುತ್ತವೆಂಬುದು ಅದರ ಸಾರ. ೧೯೫೫ರಲ್ಲಿ ಅದನ್ನೇ ತಿದ್ದಿ, ಆ ಮೂರೆಳೆಗಳು ಹುರಿಗೊಂಡ ಹಗ್ಗದಂತೆ ಒಂದನ್ನೊಂದು ಸುತ್ತಿಕೊಂಡಿವೆಯೆಂದು ತೋರಿಸಿದರು. ಚಂದ್ರನು ಭೂಮಿಯನ್ನು ಸುತ್ತುತ್ತ ತನ್ನ ಒಂದೇ ಮುಖವನ್ನು ಭೂಮಿಯ ಕಡೆಗೆ ತೋರುವುದನ್ನು ನೆನೆದಾಗ ಅವರಿಗೆ ಈ ತಿರುವು ಹೊಳೆಯಿತೆಂದು ಹೇಳುತ್ತಾರೆ. ಕೊಲಾಜೆನ್ನಿನ ಪ್ರತಿಯೊಂದು ಎಳೆಯಲ್ಲಿಯೂ ಮೂರಕ್ಕೊಂದು ಸ್ಥಾನದಲ್ಲಿ ಗ್ಲೈಸಿನ್ ಎಂಬ ಅತ್ಯಂತ ಚಿಕ್ಕ ಅಮೈನೋ ಆಮ್ಲವಿರುತ್ತದೆ. ಮೂರೆಳೆಗಳ ನಡುವಿನ ಇಕ್ಕಟ್ಟಿನಲ್ಲಿ ಹಿಡಿಸುವುದು ಅದೊಂದೇ. ಆದುದರಿಂದ ಎಳೆಗಳು ಯಾವಾಗಲೂ ಅದರ ಕಡೆಯ ಮುಖವನ್ನೇ ಒಳಕ್ಕೆ ಮಾಡಿಕೊಂಡು ತಿರುಗಬೇಕು.

ಇಂಥ ಶೋಧವೊಂದು ಮದ್ರಾಸಿನಿಂದ ಬಂದದ್ದು ಕೆಲವರಿಗೆ ಆಶ್ಚರ್ಯದ ಸಂಗತಿಯಾಯಿತು. ಕೇಂಬ್ರಿಜ್‌ನ ಕ್ರಿಕ್ ಮತ್ತು ರಿಚ್ ಎಂಬ ವಿದ್ವಾಂಸರು ೧೯೫೫ರಲ್ಲಿಯೇ ತಮ್ಮದೊಂದು ಮಾದರಿಯನ್ನು ಮುಂದಿಟ್ಟು, ಮದ್ರಾಸಿನ ಮಾದರಿಯಲ್ಲಿ ಕೆಲವು ಪರಮಾಣುಗಳು ಇರಬಾರದಷ್ಟು ಹತ್ತಿರ ಬಂದಿವೆಯೆಂದು ಆಕ್ಷೇಪಿಸಿದರು. ಮೂರೆಳೆಯ ಹುರಿಯೆಂಬ ಮೂಲ ವಿಚಾರ ಉಳಿಯಿತು. ಎಳೆಗಳ ನಡುವಿನ ಬೆಸುಗೆಗಳ ಎಣಿಕೆಯಲ್ಲಿ ಮಾತ್ರ ಎದುರಾಳಿಗಳ ಮಾತಿಗೂ ಬಲವಿತ್ತು. ಇಲ್ಲಿ ರಾಮಚಂದ್ರನ್‌ರು ನಡೆದುಕೊಂಡ ರೀತಿಯನ್ನು ನಾನು ಅವರ ಜೀವನದ ಅತ್ಯುತ್ತಮ ಘಟ್ಟವೆಂದು ತಿಳಿಯುತ್ತೇನೆ. ಪರಮಾಣುಗಳು ಎಷ್ಟು ಹತ್ತಿರ ಬರಬಹುದು, ಎಷ್ಟು ಬರಕೂಡದು ಎಂಬುದೇ ವಾದದ ಮೂಲವಾಗಿತ್ತಷ್ಟೆ? ಹಾಗಾದರೆ ಅದನ್ನೇ ಅಳೆದುಬಿಡೋಣವೆಂದು ಅವರು ಹೊರಟರು. ಅದುವರೆಗೆ ತಿಳಿದಿದ್ದ ಹರಳುಗಳ ರಚನೆಗಳನ್ನೆಲ್ಲ ಜಾಲಾಡಿ ಪರಮಾಣುಗಳ ಅಂತರಗಳನ್ನು ಕಲೆಹಾಕಿದರು. ಬಳಿಕ ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಎಂಬವರ ಜೊತೆಗೂಡಿ, ಪ್ರೋಟೀನಿನ ಸರಪಳಿಯ ಪ್ರತಿಯೊಂದು ಕೀಲಿನಲ್ಲಿರುವ ಎರಡು ಕೋನಗಳು ಯಾವ ಯಾವ ಬೆಲೆಗಳನ್ನು ತಾಳಬಹುದೆಂಬುದನ್ನು ಲೆಕ್ಕ ಹಾಕಿ ಒಂದು ಚೌಕದಲ್ಲಿ ಗುರುತಿಸಿದರು. ಮೇಜಿನ ಮೇಲಿನ ಸಣ್ಣ ಲೆಕ್ಕದ ಯಂತ್ರವನ್ನು ಕೈಯಿಂದ ನಡೆಯಿಸಿ ಮಾಡಿದ ಲೆಕ್ಕವದು. ೧೯೬೩ರಲ್ಲಿ ಪ್ರಕಟವಾದ ಆ ಚೌಕವೇ ರಾಮಚಂದ್ರನ್ ನಕ್ಷೆ. ಇಂದಿಗೂ ಹೊಸ ಪ್ರೋಟೀನೊಂದರ ರಚನೆಯನ್ನು ಬಿಡಿಸಿದವರು ತಮ್ಮ ಉತ್ತರ ಸರಿಯೇ ತಪ್ಪೇ ಎಂದು ಒರೆಹಚ್ಚುವುದು ಅದರ ಮೇಲೆಯೇ. ೧೯೬೧ರಲ್ಲಿ ಶಾಂತಿಸ್ವರೂಪ ಭಟ್ನಾಗರ್ ಪ್ರಶಸ್ತಿಯೂ, ೧೯೭೭ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವವೂ ಅವರಿಗೆ ಸಂದವು.

ಮೊದಲಿಯಾರರು ೧೯೬೯ರಲ್ಲಿ ನಿವೃತ್ತರಾದರು. ಮರುವರ್ಷ ರಾಮಚಂದ್ರನ್‌ರೂ ಮದ್ರಾಸನ್ನು ಬಿಟ್ಟರು. ಆಗ ಬೆಂಗಳೂರಿನ ಸಂಸ್ಥೆಯ ನಿರ್ದೇಶಕರಾಗಿದ್ದ ಸತೀಶ ಧವನ್‌ರು ಅವರನ್ನು ಕರೆಸಿಕೊಂಡರು. ೧೯೭೧ರಲ್ಲಿ ಅಲ್ಲಿ ಅಣುಜೈವಿಕ ಭೌತಶಾಸ್ತ್ರದ ಘಟಕವು ಪ್ರಾರಂಭವಾಯಿತು. ಶಿಷ್ಯರಾದ ಎ. ವಿ. ಲಕ್ಷ್ಮೀನಾರಾಯಣನ್‌ರೊಡನೆ ಅವರು ಚಿತ್ರಗಳ ಪುನಾರಚನೆಯ ಪ್ರಬಂಧವನ್ನು ಪ್ರಕಟಿಸಿದ್ದು ಆ ವರ್ಷವೇ.

ಪುನಾರಚನೆಯೆಂದರೇನೆಂದು ವಾಚಕರಿಗೆ ಹೇಳದೆ ಮುಂದೆ ಹೋಗಲಾಗದು. ಐಹೊಳೆಯ ಯಾವುದಾದರೊಂದು ಕಂಬಗಳ ಮಂಟಪವನ್ನು ಕಣ್ಣ ಮುಂದೆ ತಂದುಕೊಳ್ಳಿರಿ. ಒಂದೇ ಕಡೆ ನಿಂತು ನೋಡಿದರೆ ಮುಂದಿನ ಕಂಬ ಹಿಂದಿನ ಕಂಬವನ್ನು ಮರೆಮಾಡುತ್ತದೆ. ಸಾಮಾನ್ಯ ಎಕ್ಸ್-ರೇ ಚಿತ್ರದ ಅವಸ್ಥೆ ಇದೇ. ಪಕ್ಕೆಲುಬು, ಜಠರ, ಯಕೃತ್ತು, ಬೆನ್ನೆಲುಬು ಎಲ್ಲವೂ ಒಂದರ ಮೇಲೊಂದು ಬಿದ್ದು ಕಾಣುತ್ತವೆ. ಮಂಟಪದ ಸುತ್ತ ಒಂದು ಪ್ರದಕ್ಷಿಣೆ ಹಾಕುತ್ತ ಹೆಜ್ಜೆಗೊಮ್ಮೆ ನೋಡಿದರೆ ಯಾವ ಕಂಬ ಎಲ್ಲಿದೆಯೆಂದು ಒಳಗೆ ಹೋಗದೆಯೇ ಹೇಳಬಹುದು. ಹೀಗೆ ಸುತ್ತಲಿನ ಅಳತೆಗಳಿಂದ ಒಳಗಿನ ವಸ್ತುವನ್ನು ಗಣಿತದ ಮೂಲಕ ಪಡೆಯುವುದು ಸಾಧ್ಯವೆಂದು ಯೋಹಾನ್ ರಾಡೋನ್ ಎಂಬ ಗಣಿತಜ್ಞನು ೧೯೧೭ರಲ್ಲಿಯೇ ಸಿದ್ಧಪಡಿಸಿದ್ದನು. ಸಾಧ್ಯವೆಂಬುದು ಬೇರೆ, ಕೈಗೂಡುವುದು ಬೇರೆ. ಆ ಕಾಲದ ಗಣಕಯಂತ್ರಗಳಿಗೆ ಫೂರಿಯರ್ ರೂಪಾಂತರವೆಂಬ ದೀರ್ಘವಾದ ಲೆಕ್ಕವನ್ನು ಮಾಡಿಸುವುದು ದೊಡ್ಡ ಹೊರೆಯಾಗಿತ್ತು.

ಆ ಹೊರೆಯನ್ನು ಈ ಗುರುಶಿಷ್ಯರು ಹಗುರಗೊಳಿಸಿದರು. ಪ್ರತಿಯೊಂದು ದಿಕ್ಕಿನಿಂದ ಬಂದ ಅಳತೆಯನ್ನು, ಅದು ಬಂದ ದಾರಿಯಲ್ಲೇ ಹಿಂದಕ್ಕೆ, ಪಾಟಿಯ ಮೇಲೆ ಬಳಪದಿಂದ ಗೆರೆ ಎಳೆದಂತೆ ಎಳೆಯುತ್ತ ಹೋದರೆ, ಕಂಬವಿದ್ದಲ್ಲಿ ಗೆರೆಗಳೆಲ್ಲ ಕೂಡಿ ಗಾಢವಾದ ಚುಕ್ಕೆಯಾಗುತ್ತದೆ. ಆದರೆ ಆ ಗೆರೆಗಳು ಚುಕ್ಕೆಯ ಸುತ್ತಲೂ ಹರಡಿಕೊಂಡು ಚಿತ್ರವೆಲ್ಲ ಮಂಜು ಕವಿದಂತಾಗುತ್ತದೆ. ಮಂಜನ್ನು ಆಮೇಲೆ ಒರೆಸುವ ಬದಲು ಗೆರೆ ಎಳೆಯುವ ಮೊದಲೇ ಅಳತೆಗಳನ್ನು ಸೋಸಬೇಕೆಂಬುದು ಅವರ ಉಪಾಯ. ಪ್ರತಿಯೊಂದು ಅಳತೆಯ ಕಾಲು ಭಾಗವನ್ನು ಇಟ್ಟುಕೊಳ್ಳುವುದು. ಎಡಬಲದ ನೆರೆಯ ಅಳತೆಗಳ ಸುಮಾರು ೦.೧೦೧ರಷ್ಟನ್ನು ಅದರಿಂದ ಕಳೆಯುವುದು. ಎರಡನೆಯ ನೆರೆಯವರನ್ನು ಮುಟ್ಟದಿರುವುದು. ಮೂರನೆಯವರ ಸುಮಾರು ೦.೦೧೧ರಷ್ಟನ್ನು ಕಳೆಯುವುದು, ನಾಲ್ಕನೆಯವರನ್ನು ಬಿಟ್ಟು ಐದನೆಯವರಿಂದ ಇನ್ನೂ ಕಡಿಮೆ. ಇದೇ ಕ್ರಮದಲ್ಲಿ ಕೊನೆಯವರೆಗೆ. ಬಿ.ಎಸ್‌ಸಿ. ಓದುವ ಗೆಳೆಯನಿಗೆ ಈ ಸಾಲನ್ನು ಕೊಟ್ಟೆನು. ಕೂಡಿಸುವುದೂ ಕಳೆಯುವುದೂ ಕೊನೆಗೆ ಸರಿಸಮವಾಗಿ ಮೊತ್ತ ಸೊನ್ನೆಗೆ ಬಂದು ನಿಲ್ಲುವುದನ್ನು ಅವನು ಒಂದು ಸಂಜೆ ಕುಳಿತು ಮಾಡಿ ತೋರಿಸಿದನು. ಬಿ.ಎ. ಓದುವ ನನಗೂ ಅದರ ಚೆಲುವು ಕಾಣದೆ ಹೋಗಲಿಲ್ಲ. ಹೀಗೆ ಸೋಸಿದ ಅಳತೆಗಳಿಂದ ಗೆರೆ ಎಳೆದಾಗ ಮಂಜು ತಾನಾಗಿ ಹರಿಯುತ್ತದೆ. ಇಂಜಿನಿಯರಿಂಗ್ ಪುಸ್ತಕಗಳು ಈ ಸೋಸುವಿಕೆಗೆ ಇಬ್ಬರ ಹೆಸರನ್ನೂ ಕತ್ತರಿಸಿ ರಾಮ್-ಲಾಕ್ ಎಂದು ಹೆಸರಿಟ್ಟಿವೆ.

ಅವರ ಪ್ರಬಂಧ ಅಮೇರಿಕೆಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಅಚ್ಚಾದದ್ದು ೧೯೭೧ರ ಸಪ್ಟೆಂಬರದಲ್ಲಿ. ಮುಂದಿನ ತಿಂಗಳ ೧ನೆಯ ತಾರೀಖು ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡ್‌ರು ತಾವು ರಚಿಸಿದ ಯಂತ್ರದಿಂದ ಮೊದಲನೆಯ ರೋಗಿಯ ಮಿದುಳಿನ ಚಿತ್ರವನ್ನು ತೆಗೆದರು. ಒಬ್ಬರ ಕೆಲಸ ಇನ್ನೊಬ್ಬರ ಕೆಲಸದಿಂದ ಹುಟ್ಟಿದ್ದಲ್ಲ. ಹೌನ್ಸ್‌ಫೀಲ್ಡ್‌ರ ಮೊದಲ ಯಂತ್ರವು ೨೮,೦೦೦ಕ್ಕೂ ಮೇಲ್ಪಟ್ಟ ಅಳತೆಗಳನ್ನು ಬೇರೊಂದು ಬಗೆಯ ಲೆಕ್ಕದಿಂದ, ಊಹಿಸಿ ತಿದ್ದಿ, ಮತ್ತೆ ತಿದ್ದಿ ಬಿಡಿಸುತ್ತಿತ್ತು. ಮುಂದೆ ಬಂದ ಯಂತ್ರಗಳು ಸೋಸಿ ಎಳೆಯುವ ಮಾರ್ಗವನ್ನು ಹಿಡಿದವು, ಏಕೆಂದರೆ ಅದು ಬೇಗನೆ ಮುಗಿಯುತ್ತಿತ್ತು. ೧೯೭೯ರ ನೊಬೆಲ್ ಪಾರಿತೋಷಕವು ಹೌನ್ಸ್‌ಫೀಲ್ಡ್‌ರಿಗೂ, ೧೯೬೩-೬೪ರಲ್ಲಿ ಇದರ ಗಣಿತವನ್ನು ಬರೆದಿದ್ದ ಅಲನ್ ಕಾರ್ಮಾಕ್‌ರಿಗೂ ಸಂದಿತು. ರಾಮಚಂದ್ರನ್‌ರಿಗೆ ಅನ್ಯಾಯವಾಯಿತೆಂದು ನಮ್ಮವರು ಅನೇಕರು ಬರೆದಿದ್ದಾರೆ. ನನ್ನ ಮಟ್ಟಿಗೆ ಹೇಳುವುದಾದರೆ, ಆ ಇಬ್ಬರೂ ಅದಕ್ಕೆ ಅರ್ಹರು. ಇಂಥದೇ ಉಪಾಯವನ್ನು ಬ್ರೇಸ್‌ವೆಲ್ ಮತ್ತು ರಿಡಲ್ ಎಂಬವರು ೧೯೬೭ರಲ್ಲಿ ರೇಡಿಯೋ ಖಗೋಳಶಾಸ್ತ್ರಕ್ಕಾಗಿ ಹೇಳಿದ್ದರೆಂಬುದನ್ನೂ ನಾವು ಮರೆಯಬಾರದು. ನಮ್ಮವರೆಂಬ ಅಭಿಮಾನದಿಂದ ಇತರರ ಪಾಲನ್ನು ಅಳಿಸುವುದು ಸಲ್ಲದು. ಆದರೆ ನಮ್ಮ ಪಠ್ಯಪುಸ್ತಕಗಳು ಇವರ ಪಾಲನ್ನು ಹೇಳದೆ ಬಿಡುವುದೂ ಅಷ್ಟೇ ಸಲ್ಲದು. ಪ್ರೋಟೀನಿನ ಕೆಲಸಕ್ಕಾಗಿ ನೊಬೆಲ್ ಬರಬೇಕಿತ್ತೆಂಬ ವಾದದಲ್ಲಿ ಮಾತ್ರ ನನಗೆ ಹೆಚ್ಚು ಹುರುಳು ಕಾಣುತ್ತದೆ.

ಇನ್ನು ಯಕೃತ್ತಿನ ಮಾತು. ಸಿ.ಟಿ. ಚಿತ್ರವು ಕೇವಲ ಕಪ್ಪು ಬಿಳುಪಿನ ನೆರಳಲ್ಲ. ಅದರ ಪ್ರತಿಯೊಂದು ಚುಕ್ಕೆಯೂ ಒಂದು ಸಂಖ್ಯೆ. ನೀರಿಗೆ ಸೊನ್ನೆ, ಗಾಳಿಗೆ ಸೊನ್ನೆಗಿಂತ ೧,೦೦೦ ಕೆಳಗೆ, ಆರೋಗ್ಯವಂತ ಯಕೃತ್ತಿಗೆ ಸುಮಾರು ೫೦ರಿಂದ ೬೦. ಮಂಜು ಸೋಸಿ ಹೋಗಿರುವುದರಿಂದಲೇ ಆ ಸಂಖ್ಯೆಗಳನ್ನು ನೆಚ್ಚಬಹುದು. ನೆಚ್ಚಬಹುದಾದುದರಿಂದಲೇ ಇಂದಿನ ಚಿತ್ರವನ್ನು ನಾಳಿನ ಚಿತ್ರದೊಡನೆ ತೂಗಿ ನೋಡಬಹುದು. ಯಕೃತ್ತಿನ ವಿಷಯದಲ್ಲಿ ಈ ತೂಗಿ ನೋಡುವಿಕೆಯೇ ಜೀವಾಳ. ಅದಕ್ಕೆ ಎರಡು ದಾರಿಗಳಿಂದ ರಕ್ತ ಬರುತ್ತದೆ. ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಬರುವ ದ್ವಾರ ಅಭಿಧಮನಿಯಿಂದ, ಉಳಿದ ಕಾಲು ಪಾಲು ಅಪಧಮನಿಯಿಂದ. ಯಕೃತ್ತಿನ ಕ್ಯಾನ್ಸರ್ ಗಂಟು ಹೆಚ್ಚಾಗಿ ಅಪಧಮನಿಯ ರಕ್ತವನ್ನೇ ಹೀರುತ್ತದೆ. ಆದುದರಿಂದ ರೋಗಿಯ ರಕ್ತನಾಳಕ್ಕೆ ಅಯೋಡಿನ್ ಬೆರೆತ ಔಷಧವನ್ನು ಕೊಟ್ಟು, ಸುಮಾರು ೩೦-೩೫ ಸೆಕೆಂಡಿಗೆ ಒಮ್ಮೆ, ೭೦ ಸೆಕೆಂಡಿನ ಸುಮಾರಿಗೆ ಇನ್ನೊಮ್ಮೆ, ಕೆಲವು ನಿಮಿಷಗಳ ಬಳಿಕ ಮತ್ತೊಮ್ಮೆ ಚಿತ್ರ ತೆಗೆಯುತ್ತಾರೆ. ಮೊದಲ ಚಿತ್ರದಲ್ಲಿ ಹೊಳೆದು ಆಮೇಲಿನ ಚಿತ್ರದಲ್ಲಿ ಕಂದಿದ ಗಂಟಾದರೆ ವೈದ್ಯರ ಹುಬ್ಬು ಗಂಟಿಕ್ಕುತ್ತದೆ.

ತೊಂದರೆಯೇನೆಂದರೆ, ಮೂರು ಸಲ ಉಸಿರು ಹಿಡಿದ ಮನುಷ್ಯನು ಮೂರು ಸಲವೂ ಒಂದೇ ಅಳತೆಗೆ ಹಿಡಿಯಲಾರ. ಯಕೃತ್ತು ವಪೆಯ ಕೆಳಗೆ ತಗುಲಿಕೊಂಡಿರುವುದರಿಂದ ಉಸಿರಿನೊಡನೆ ಒಂದೆರಡು ಸೆಂಟಿಮೀಟರಿನಷ್ಟು ಮೇಲೆ ಕೆಳಗೆ ಸರಿಯುತ್ತದೆ, ಸ್ವಲ್ಪ ಬಾಗುತ್ತದೆ ಕೂಡ. ಹುಡುಕುತ್ತಿರುವ ಗಂಟೇ ಒಂದು ಸೆಂಟಿಮೀಟರಿನದಾಗಿದ್ದರೆ? ಮೊದಲ ಸಾಲಿನ ಏಳನೆಯ ಬಿಲ್ಲೆಯಲ್ಲಿದ್ದ ಗಂಟು ಎರಡನೆಯ ಸಾಲಿನ ಏಳನೆಯ ಬಿಲ್ಲೆಯಲ್ಲಿ ಇರುವುದೇ ಇಲ್ಲ. ಮಾಯವಾಯಿತೋ ಸರಿಯಿತೋ ಎಂಬುದು ಸಾವು ಬದುಕಿನ ಪ್ರಶ್ನೆ.

ಇಳಕಲ್ಲಿನಲ್ಲಿ ಮಗ್ಗದ ಮುಂದೆ ಆಯುಷ್ಯ ಕಳೆದ ನಮ್ಮ ದೊಡ್ಡಪ್ಪನಿಗೆ ಇಂಥ ಗಂಟೊಂದು ಕಂಡಿತ್ತು. ಆರು ತಿಂಗಳ ಅಂತರದಲ್ಲಿ ಎರಡು ಸಲ ಸ್ಕ್ಯಾನ್ ಮಾಡಿಸಿದರು. ಡಾಕ್ಟರರು ಗಣಕಯಂತ್ರದ ಪರದೆಯ ಮೇಲೆ ಹಳೆಯ ಚಿತ್ರದ ಮೇಲೆ ಹೊಸದನ್ನು ಹೊಂದಿಸಿ ತೋರಿಸುತ್ತಿದ್ದಾಗ, ನನಗೆ ತಿಳಿಯುವ ಮೊದಲೇ ದೊಡ್ಡಪ್ಪನಿಗೆ ಅದು ತಿಳಿಯಿತು. ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸಿದ ಮೇಲೆಯೇ ಹೊಕ್ಕು ಹಾಯುವುದು. ಎಳೆ ತಪ್ಪಿಸಿ ಕೂಡಿಸಿದರೆ ಸೆರಗಿನ ದೋಷವೋ ಒಡಲಿನ ದೋಷವೋ ಗೊತ್ತಾಗುವುದಿಲ್ಲವೆಂದು ಅವರೇ ಡಾಕ್ಟರರಿಗೆ ವಿವರಿಸತೊಡಗಿದರು. ಗಂಟು ಬೆಳೆದಿರಲಿಲ್ಲ.

ಗಣಕಯಂತ್ರ ಈ ಹೊಂದಿಕೆಯನ್ನು ಮಾಡುವ ಬಗೆಯನ್ನು ಸ್ಥೂಲವಾಗಿ ಹೇಳಬಹುದು. ಮೊದಲು ಒಂದು ಚಿತ್ರದ ರಾಶಿಯನ್ನು ಇಡಿಯಾಗಿ ಅತ್ತಿತ್ತ ಜರುಗಿಸಿ, ತಿರುಗಿಸಿ ಇನ್ನೊಂದರ ಮೇಲೆ ಕೂರಿಸುತ್ತದೆ. ಬಳಿಕ ರಬ್ಬರಿನ ಹಾಳೆಯಂತೆ ಅಲ್ಲಲ್ಲಿ ಎಳೆದು ಬಾಗಿಸುತ್ತದೆ. ಸರಿಯಾಗಿ ಕೂತಿತೋ ಇಲ್ಲವೋ ಎಂದು ತಿಳಿಯಲು ಬರಿಯ ಹೊಳಪನ್ನು ಹೋಲಿಸಿದರೆ ಸಾಲದು, ಏಕೆಂದರೆ ಔಷಧ ಹರಿದಂತೆ ಹೊಳಪೇ ಬದಲಾಗಿರುತ್ತದೆ. ಒಂದು ಚಿತ್ರದ ಛಾಯೆಯನ್ನು ನೋಡಿ ಇನ್ನೊಂದರ ಛಾಯೆಯನ್ನು ಅತ್ಯಂತ ಖಚಿತವಾಗಿ ಹೇಳಲು ಬರುವ ಸ್ಥಾನವೇ ಸರಿಯಾದ ಸ್ಥಾನವೆಂಬ ತತ್ತ್ವವನ್ನು ೧೯೯೫ರ ಸುಮಾರಿಗೆ ಅಮೇರಿಕೆಯ ಎಂ.ಐ.ಟಿ.ಯವರೂ ಬೆಲ್ಜಿಯಮ್ಮಿನ ಲೂವೆನ್ನಿನವರೂ ಬೇರೆ ಬೇರೆಯಾಗಿ ಕಂಡುಕೊಂಡರು. ಯಂತ್ರಕ್ಕೆ ಬಾಗಿಸುವ ಸ್ವಾತಂತ್ರ್ಯವನ್ನು ಅತಿಯಾಗಿ ಕೊಟ್ಟರೂ ಅಪಾಯ. ಬೆಳೆದ ಗಂಟನ್ನು ಹಿಂಡಿ ಹಳೆಯ ಗಂಟಿನ ಅಳತೆಗೇ ತಂದು ಕೂರಿಸಿಬಿಟ್ಟೀತು! ಆದುದರಿಂದ ಅದಕ್ಕೆ ಅಂಕೆಯಿರಬೇಕು, ಕೊನೆಯ ಮಾತು ವೈದ್ಯರದಾಗಿರಬೇಕು.

ಈ ಹೊಂದಿಕೆ ಎಲ್ಲಕ್ಕಿಂತ ಕಷ್ಟವಾಗುವುದು ಸಿರೋಸಿಸ್ ಎಂಬ ರೋಗ ಹಿಡಿದ ಯಕೃತ್ತಿನಲ್ಲಿ. ಮದ್ಯಪಾನದಿಂದಲೋ, ಕಾಮಾಲೆಯನ್ನು ತರುವ ವೈರಸ್ಸಿನಿಂದಲೋ, ಕೊಬ್ಬು ತುಂಬಿಯೋ ಯಕೃತ್ತು ಮತ್ತೆ ಮತ್ತೆ ಗಾಯಗೊಂಡಾಗ, ಗಾಯ ಮಾಗಿದಲ್ಲೆಲ್ಲ ಕಲೆ ಕಟ್ಟುತ್ತದೆ. ಮೃದುವಾಗಿದ್ದ ಅಂಗ ಗಡುಸಾಗಿ, ಗಂಟುಗಂಟಾಗಿ, ಒಂದು ಭಾಗ ಕುಗ್ಗಿ ಇನ್ನೊಂದು ಭಾಗ ಹಿಗ್ಗಿ, ತನ್ನ ಆಕಾರವನ್ನೇ ಕಳೆದುಕೊಳ್ಳುತ್ತದೆ. ಆ ಕಲೆಯಾದರೂ ಯಾವ ವಸ್ತುವಿನದು? ಬಹುಪಾಲು ಕೊಲಾಜೆನ್ನಿನದು. ೧೯೫೫ರಲ್ಲಿ ಮದ್ರಾಸಿನಲ್ಲಿ ಕುಳಿತು ರಾಮಚಂದ್ರನ್‌ರೂ ಕರ್ತಾರವರೂ ಬಿಡಿಸಿದ ಅದೇ ಮೂರೆಳೆಯ ಹುರಿ ಯಕೃತ್ತನ್ನು ಒಳಗಿನಿಂದ ಬಿಗಿದು ಕೆಡಿಸುತ್ತದೆ. ೧೯೭೧ರಲ್ಲಿ ರಾಮಚಂದ್ರನ್‌ರೂ ಲಕ್ಷ್ಮೀನಾರಾಯಣನ್‌ರೂ ಕೊಟ್ಟ ಗಣಿತದ ದಾರಿಯಲ್ಲಿ ಮೂಡಿದ ಚಿತ್ರ ಆ ಕೆಡುಕನ್ನು ಹೊರಗಿನವರಿಗೆ ತೋರಿಸುತ್ತದೆ. ಅವರು ಯಕೃತ್ತನ್ನು ಕುರಿತು ಸಂಶೋಧನೆ ಮಾಡಿದವರಲ್ಲ, ವೈದ್ಯರೂ ಅಲ್ಲ. ಹದಿನಾರು ವರ್ಷಗಳ ಅಂತರದ ಎರಡು ಕೆಲಸಗಳು ರೋಗಿಯೊಬ್ಬನ ಬಲಪಕ್ಕೆಯ ಕೆಳಗೆ ಹೀಗೆ ಎದುರುಬದುರಾಗಿ ನಿಂತಿವೆ.

೧೯೭೮ರ ಹೊತ್ತಿಗೆ ಘಟಕದ ಹೊಣೆಯನ್ನು ಬಿಟ್ಟು ಅವರು ತರ್ಕಶಾಸ್ತ್ರದ ಕಡೆಗೆ ತಿರುಗಿದರು. ಹೌದು, ಅಲ್ಲ ಎಂಬ ಎರಡೇ ಉತ್ತರಗಳಲ್ಲಿ ನಿಲ್ಲದ ಜೈನರ ಸ್ಯಾದ್ವಾದವನ್ನು ಗಣಿತದ ಭಾಷೆಗೆ ತಂದು ಸ್ಯಾದ್-ನ್ಯಾಯ ಪದ್ಧತಿಯೆಂಬುದನ್ನು ರಚಿಸಿದರು. ಐಹೊಳೆಯ ಮೇಗುತಿ ಬಸದಿಯನ್ನು ನೋಡುತ್ತ ಬೆಳೆದ ನಮಗೆ ಈ ಭಾಗವೇ ಹೆಚ್ಚು ಹತ್ತಿರವೆನಿಸಬೇಕು. ಆದರೆ ವಿಜ್ಞಾನಿಗಳ ವಲಯದಲ್ಲಿ ಇದಕ್ಕೆ ಮೊದಲಿನ ಕೆಲಸಗಳಷ್ಟು ಮನ್ನಣೆ ದೊರೆಯಲಿಲ್ಲ.

ಕೊನೆಯ ವರ್ಷಗಳು ಕಷ್ಟದವು. ಪಾರ್ಕಿನ್ಸನ್ ಎಂಬ ನಡುಕುರೋಗ ಅವರನ್ನು ಹಿಡಿಯಿತು. ಕೊಲಾಜೆನ್ನಿನ ತುಣುಕೊಂದರ ಹರಳಿನಿಂದ ಮೂರೆಳೆಯ ಹುರಿಯನ್ನು ಪರಮಾಣು ಪರಮಾಣುವಾಗಿ ಕಾಣಿಸಿದ ಪ್ರಬಂಧವು ೧೯೯೪ರಲ್ಲಿ ಅಮೇರಿಕೆಯಲ್ಲಿ ಪ್ರಕಟವಾದಾಗ ಅವರು ಇನ್ನೂ ಇದ್ದರು. ೧೯೯೮ರಲ್ಲಿ ಪತ್ನಿ ರಾಜಲಕ್ಷ್ಮಿಯವರು ತೀರಿಕೊಂಡರು. ೧೯೯೯ರಲ್ಲಿ ಹರಳುಶಾಸ್ತ್ರಜ್ಞರ ಅಂತರರಾಷ್ಟ್ರೀಯ ಸಂಘವು ತನ್ನ ಅತ್ಯುನ್ನತ ಗೌರವವಾದ ಎವಾಲ್ಡ್ ಪಾರಿತೋಷಕವನ್ನು ಅವರಿಗೆ ನೀಡಿತು. ೨೦೦೧ನೆಯ ಇಸವಿ ಎಪ್ರಿಲ್ ೭ರಂದು ಚೆನ್ನೈಯಲ್ಲಿ ಅವರು ಕಾಲವಾದರು. ಆಗ ಅವರಿಗೆ ೭೮ ವರ್ಷ.